ಒಂದು ವೋಲ್ಟಿಗೆ ಏಳು ಸುತ್ತು

ಡಿಪ್ಲೊಮಾದ ಎರಡನೆಯ ವರ್ಷದಲ್ಲಿ, ಅಂದರೆ 1986ರಲ್ಲಿ, ನಮ್ಮ ತರಗತಿಯ ಪ್ರತಿಯೊಬ್ಬರೂ ಒಂದೊಂದು ಚಿಕ್ಕ ಟ್ರಾನ್ಸ್‌ಫಾರ್ಮರನ್ನು ಕೈಯಾರೆ ಸುತ್ತಿ, ಪರೀಕ್ಷಿಸಿ, ರೆಕಾರ್ಡ್ ಪುಸ್ತಕದೊಡನೆ ಒಪ್ಪಿಸಬೇಕಾಗಿತ್ತು. ನನ್ನ ಪಾಲಿಗೆ ಬಂದದ್ದು 230 ವೋಲ್ಟನ್ನು 12-0-12 ವೋಲ್ಟಿಗೆ, ಅಂದರೆ ನಡುತಂತಿಯಿಂದ ಎರಡು ಕಡೆಗೂ 12 ವೋಲ್ಟಿಗೆ, ಇಳಿಸಿ ಒಂದು ಆಂಪಿಯರ್ ಕೊಡಬೇಕಾದ ಟ್ರಾನ್ಸ್‌ಫಾರ್ಮರ್. ಬೆಂಗಳೂರಿನ ಎಸ್.ಪಿ. ರಸ್ತೆಯ ಯಾವ ಅಂಗಡಿಯಲ್ಲಿ ಕೇಳಿದರೂ ಸಿದ್ಧವಾಗಿ ಸಿಗುವ ಈ ವಸ್ತುವನ್ನು ನಾವೇಕೆ ಸುತ್ತಬೇಕೆಂದು ಒಬ್ಬ ಗೆಳೆಯ ಕೇಳಿಯೇ ಬಿಟ್ಟ. "ಕೆಟ್ಟಾಗ ಬಿಚ್ಚುವವನು ಯಾರಪ್ಪಾ?" ಎಂದು ಮರುಪ್ರಶ್ನೆ ಹಾಕಿ ಇನ್‌ಸ್ಟ್ರಕ್ಟರ್ ಮುಂದಿನ ಮೇಜಿಗೆ ಹೋದರು.

ಲೆಕ್ಕ ಸುಲಭವೆಂದೇ ನನಗೆ ತೋರಿತ್ತು. ನಮಗೆ ಕೊಟ್ಟಿದ್ದ ಸ್ಟ್ಯಾಂಪಿಂಗುಗಳ, ಅಂದರೆ ಇಂಗ್ಲಿಷಿನ 'ಇ' ಮತ್ತು 'ಐ' ಆಕಾರದ ಕಬ್ಬಿಣದ ತಗಡುಗಳ, ನಡುನಾಲಿಗೆಯ ಅಗಲ ಒಂದು ಇಂಚು. ಅವನ್ನು ಒಂದು ಇಂಚು ದಪ್ಪಕ್ಕೆ ಜೋಡಿಸಿದರೆ ಅಡ್ಡಕೊಯ್ತ 6.45 ಚದರ ಸೆಂಟಿಮೀಟರ್ ಆಗುತ್ತದೆ, ತಗಡುಗಳ ನಡುವಿನ ಲೇಪಕ್ಕೂ ಸಂದಿಗೂ ಹತ್ತನೇ ಒಂದು ಪಾಲನ್ನು ಬಿಟ್ಟರೆ ನಿವ್ವಳ 5.8 ಉಳಿಯುತ್ತದೆ. 50 ಹರ್ಟ್ಸ್ ವಿದ್ಯುತ್ತಿಗೆ ಫ್ಲಕ್ಸ್ ಸಾಂದ್ರತೆಯನ್ನು, ಅಂದರೆ ಕಬ್ಬಿಣದೊಳಗಿನ ಕಾಂತಕ್ಷೇತ್ರದ ದಟ್ಟಣೆಯನ್ನು, 1.1 ಟೆಸ್ಲಾ ಎಂದು ಹಿಡಿದು, ಅದರಿಂದ ಬರುವ ಸ್ಥಿರಾಂಕ 41ನ್ನು ಈ 5.8ರಿಂದ ಭಾಗಿಸಿದರೆ ಒಂದು ವೋಲ್ಟಿಗೆ ಏಳು ಸುತ್ತು ಎಂದು ಬರುತ್ತದೆ. ಹಾಗಾಗಿ ವಿದ್ಯುತ್ ಕೊಡುವ ಕಡೆಯ ಸುರುಳಿಯಾದ ಪ್ರೈಮರಿಗೆ 1610 ಸುತ್ತು. ವಿದ್ಯುತ್ ಪಡೆಯುವ ಕಡೆಯ ಸುರುಳಿಯಾದ ಸೆಕೆಂಡರಿಯ ಒಂದೊಂದು ಅರ್ಧಕ್ಕೆ 84, ಭಾರ ಬಿದ್ದಾಗ ವೋಲ್ಟೇಜ್ ಕುಸಿಯುವುದನ್ನು ತುಂಬಿಕೊಡಲು ನಾಲ್ಕು ಸೇರಿಸಿ 88. ತಂತಿಯ ಒಂದು ಚದರ ಮಿಲಿಮೀಟರಿಗೆ ಎರಡೂವರೆ ಆಂಪಿಯರಿನ ಆಸುಪಾಸು ಎಂಬ ಲೆಕ್ಕದಲ್ಲಿ ಪ್ರೈಮರಿಗೆ 34ನೆಯ ಗೇಜ್, ಸೆಕೆಂಡರಿಗೆ 22ನೆಯ ಗೇಜ್ (ಗೇಜಿನ ಅಂಕಿ ಹೆಚ್ಚಿದಷ್ಟೂ ತಂತಿ ತೆಳು). ಇಷ್ಟನ್ನು ಅರ್ಧ ಗಂಟೆಯಲ್ಲಿ ಬರೆದು ಮುಗಿಸಿ, ಕೆಲಸವೇ ಮುಗಿಯಿತೆಂಬ ಹೆಮ್ಮೆಯಿಂದ ತಂತಿ ಸುತ್ತುವ ಚೌಕಟ್ಟಾದ ಬಾಬಿನ್ನನ್ನು ವೈಂಡಿಂಗ್ ಮಷೀನಿಗೆ ಏರಿಸಿದೆ.

ಆ ಮಷೀನೆಂದರೆ ಒಂದು ಹಿಡಿಕೆ, ಎರಡು ಹಲ್ಲುಗಾಲಿ, ಒಂದು ಕೌಂಟರ್, ಅಷ್ಟೇ. ಕೌಂಟರ್ ಆಗಾಗ ಅಂಕಿ ನುಂಗುತ್ತಿತ್ತಾದ್ದರಿಂದ ನಾವು ಬಾಯಲ್ಲೂ ಎಣಿಸುತ್ತಿದ್ದೆವು, ನೂರು ತುಂಬಿದೊಡನೆ ಪೆನ್ಸಿಲಿನಿಂದ ಕಾಗದದ ಮೇಲೊಂದು ಗೆರೆ ಎಳೆಯುತ್ತಿದ್ದೆವು. ಬಲಗೈ ಹಿಡಿಕೆ ತಿರುಗಿಸುವಾಗ ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಒಂದು ತುಂಡು ಬಟ್ಟೆಯೊಳಗಿಂದ ತಂತಿ ಜಾರಿ ಹೋಗಬೇಕು. ಹಿಡಿತ ಬಿಗಿಯಾದರೆ 34ನೆಯ ಗೇಜಿನ ತಂತಿ ಎಳೆದುಕೊಂಡು ತೆಳುವಾಗುತ್ತದೆ, ಇಲ್ಲವೇ ತುಂಡಾಗುತ್ತದೆ. ಸಡಿಲವಾದರೆ ಸುತ್ತುಗಳು ಒಂದರ ಮೇಲೊಂದು ಹತ್ತಿ ಕೂರುತ್ತವೆ. ನನ್ನ ಬಾಬಿನ್ನಿನಲ್ಲಿ ಒಂದು ಪದರಕ್ಕೆ ಸುಮಾರು 130 ಸುತ್ತು ಹಿಡಿಸಬೇಕಿತ್ತು. ಪದರ ತುಂಬಿದ ಮೇಲೆ ಒಂದು ಸುತ್ತು ತೆಳು ಕಾಗದ, ಅದರ ಮೇಲೆ ಮುಂದಿನ ಪದರ. ಪಾಠ ಮಾಡುವಾಗ ನಮ್ಮ ಮೇಷ್ಟ್ರು ಫ್ಯಾರಡೆಯನ್ನು ನೆನೆಸಿದ್ದರು: 1831ರಲ್ಲಿ ಅವನು ಕಬ್ಬಿಣದ ಬಳೆಯೊಂದಕ್ಕೆ ತಾಮ್ರದ ತಂತಿ ಸುತ್ತಿದಾಗ ವಿದ್ಯುತ್ ದಾಟದಂತೆ ಲೇಪ ಹಚ್ಚಿದ ಎನಾಮಲ್ ತಂತಿ ಎಂಬುದಿರಲಿಲ್ಲವಾಗಿ, ಸುತ್ತುಗಳ ನಡುವೆ ದಾರವನ್ನೂ ಪದರಗಳ ನಡುವೆ ಹತ್ತಿ ಬಟ್ಟೆಯನ್ನೂ ಇಟ್ಟಿದ್ದನಂತೆ. ಎನಾಮಲ್ ಇದ್ದೂ ನಮಗೆ ಕಾಗದದ ಮೇಲೆ ಬೇಸರ ಬರುತ್ತಿತ್ತು.

ಆ ಬೇಸರದಲ್ಲಿಯೇ ನಾನು ಒಂದೆರಡು ಪದರಗಳನ್ನು ಅಡ್ಡಾದಿಡ್ಡಿಯಾಗಿ ಓಡಿಸಿಬಿಟ್ಟೆ. ಹದಿಮೂರು ಪದರಕ್ಕೆ ಮುಗಿಯಬೇಕಾದ ಪ್ರೈಮರಿ ನಡುವೆ ಉಬ್ಬಿ ಹೊಟ್ಟೆ ಬಂದಂತಾಯಿತು. ಅದರ ಮೇಲೆ ದಪ್ಪ ತಂತಿಯ ಸೆಕೆಂಡರಿಯನ್ನೂ ಸುತ್ತಿ ಸ್ಟ್ಯಾಂಪಿಂಗ್ ತೂರಿಸಲು ಹೋದರೆ ಮೊದಲನೆಯ 'ಇ' ತಗಡೇ ಒಳಗೆ ಹೋಗಲೊಲ್ಲದು. ಲೆಕ್ಕದ ಪ್ರಕಾರ ಬಾಬಿನ್ನಿನ ಹತ್ತೂವರೆ ಮಿಲಿಮೀಟರ್ ಆಳದಲ್ಲಿ ಎರಡು ಮಿಲಿಮೀಟರಿಗೂ ಹೆಚ್ಚು ಜಾಗ ಮಿಕ್ಕಿತ್ತು. ಆ ಜಾಗವನ್ನೆಲ್ಲ ನನ್ನ ಎಡಗೈ ನುಂಗಿತ್ತು. ಇನ್‌ಸ್ಟ್ರಕ್ಟರ್ ಬಂದು ಉಬ್ಬಿನ ಮೇಲೆ ಬೆರಳಾಡಿಸಿದರು. ಬೈಯಲಿಲ್ಲ, ಖಾಲಿ ರೀಲೊಂದನ್ನು ತಂದು ಪಕ್ಕದಲ್ಲಿಟ್ಟರು. ಸುತ್ತಿದ್ದೆಲ್ಲವನ್ನೂ ಮರಳಿ ಅದಕ್ಕೆ ಸುತ್ತಲು ನನಗೆ ಒಂದು ಮಧ್ಯಾಹ್ನ ಹಿಡಿಯಿತು.

ಎರಡನೆಯ ಬಾರಿ ತಗಡುಗಳೆಲ್ಲ ಕೂತವು. 'ಇ' ಮತ್ತು 'ಐ'ಗಳನ್ನು ಒಮ್ಮೆ ಈ ಕಡೆಯಿಂದ ಒಮ್ಮೆ ಆ ಕಡೆಯಿಂದ ತೂರಿಸಿ, ಕೊನೆಯ ನಾಲ್ಕೈದನ್ನು ಮರದ ಸುತ್ತಿಗೆಯಿಂದ ಮೆಲ್ಲಗೆ ಬಡಿದು ಕೂರಿಸಿದೆ. ಅವು ಸಡಿಲವಾಗಿದ್ದರೆ ಟ್ರಾನ್ಸ್‌ಫಾರ್ಮರ್ 100 ಹರ್ಟ್ಸಿನಲ್ಲಿ ದುಂಬಿಯಂತೆ ಗುಂಯ್‌ಗುಡುತ್ತದೆ. ಮೊದಲು 60 ವ್ಯಾಟಿನ ಬಲ್ಬೊಂದನ್ನು ಸರಣಿಯಲ್ಲಿಟ್ಟು ವಿದ್ಯುತ್ ಕೊಡುವುದು ಅಲ್ಲಿನ ಪದ್ಧತಿಯಾಗಿತ್ತು. ಒಳಗೆ ಒಂದು ಸುತ್ತು ಶಾರ್ಟ್ ಆಗಿದ್ದರೂ ಬಲ್ಬು ಉರಿದು ದೂರು ಹೇಳುತ್ತದೆ. ನನ್ನದರಲ್ಲಿ ಬಲ್ಬು ಉರಿಯಲಿಲ್ಲ. ಮೀಟರ್ ಹಿಡಿದೆ: ಒಂದು ಅರ್ಧದಲ್ಲಿ ಹನ್ನೆರಡೂವರೆ, ಇನ್ನೊಂದರಲ್ಲೂ ಹನ್ನೆರಡೂವರೆ. ಎರಡು ಹೊರತುದಿಗಳ ನಡುವೆ ಇಪ್ಪತ್ತೈದು ಬರಬೇಕಲ್ಲವೇ? ಮುಳ್ಳು ಸೊನ್ನೆಯಿಂದ ಅಲುಗಲಿಲ್ಲ.

ನನ್ನ ಮುಖ ನೋಡಿಯೇ ಇನ್‌ಸ್ಟ್ರಕ್ಟರಿಗೆ ತಿಳಿದಿರಬೇಕು. ಖಾಲಿ ರೀಲಿಗಾಗಿ ಕೈ ಚಾಚುತ್ತಿದ್ದ ನನ್ನನ್ನು ತಡೆದು, "ಬಿಚ್ಚಬೇಡ ಕಣಪ್ಪಾ, ಒಂದು ಅರ್ಧದ ತಲೆಯನ್ನು ಬಾಲ ಮಾಡು, ಬಾಲವನ್ನು ತಲೆ ಮಾಡು" ಎಂದರು. ಎರಡು ಅರ್ಧಗಳನ್ನು ಬೇರೆಬೇರೆಯಾಗಿ ಸುತ್ತಿದ್ದ ನಾನು ಎರಡರ ಆರಂಭದ ತುದಿಗಳನ್ನೇ ಒಟ್ಟಿಗೆ ಬೆಸುಗೆ ಹಾಕಿ ನಡುತಂತಿ ಮಾಡಿದ್ದೆ. ಹಾಗಾಗಿ ಹೊರತುದಿಗಳ ನಡುವೆ ಒಂದರ ವೋಲ್ಟೇಜನ್ನು ಇನ್ನೊಂದು ಅಳಿಸಿಹಾಕುತ್ತಿತ್ತು. ಬೆಸುಗೆ ಬಿಡಿಸಿ, ಒಂದರ ಕೊನೆಗೆ ಇನ್ನೊಂದರ ಆರಂಭವನ್ನು ಸೇರಿಸಿದೊಡನೆ ಮುಳ್ಳು ಇಪ್ಪತ್ತೈದಕ್ಕೆ ಹಾರಿತು. ವೋಲ್ಟೇಜುಗಳ ಏರಿಳಿತದ ಹೊಂದಿಕೆಯನ್ನು ಹೇಳುವ ಫೇಸ್ ಎಂಬ ಪದವನ್ನು ಆವರೆಗೆ ಎರಡು ಪರೀಕ್ಷೆಗಳಲ್ಲಿ ಬರೆದು ಪಾಸಾಗಿದ್ದೆನಾದರೂ ಅದರ ಅರ್ಥ ಗೊತ್ತಾದದ್ದು ಅಂದೇ ಎಂದು ಒಪ್ಪಿಕೊಳ್ಳಲು ಈಗ ನಾಚಿಕೆಯಿಲ್ಲ.

ಮುಂದೆ ನನ್ನ ಉದ್ಯೋಗವೆಲ್ಲ, ವಿದ್ಯುತ್ತನ್ನು ಅತಿ ವೇಗವಾಗಿ ಕಡಿದು ಕೂಡಿಸಿ ವೋಲ್ಟೇಜ್ ಬದಲಿಸುವ ಸ್ವಿಚ್ ಮೋಡ್ ಪವರ್ ಸಪ್ಲೈಗಳಲ್ಲೇ ಕಳೆಯಿತು. 100 ಕಿಲೋಹರ್ಟ್ಸಿನಲ್ಲಿ, ಒಂದು ಚದರ ಸೆಂಟಿಮೀಟರ್ ಅಡ್ಡಕೊಯ್ತದ ಫೆರೈಟ್ ಎಂಬ ಕಾಂತೀಯ ಪಿಂಗಾಣಿಯ ಮೇಲೆ, 0.1 ಟೆಸ್ಲಾ ಹಿಡಿದರೂ ಒಂದು ವೋಲ್ಟಿಗೆ ಕಾಲು ಸುತ್ತು ಸಾಕು. ಹನ್ನೆರಡು ವೋಲ್ಟಿಗೆ ಮೂರೇ ಸುತ್ತು. ಅಲ್ಲಿ ಎಣಿಕೆ ತಪ್ಪುವ ಮಾತೇ ಇಲ್ಲ.

ಅಂದಿನ ಟ್ರಾನ್ಸ್‌ಫಾರ್ಮರನ್ನು ಒಂದು ಪೆಟ್ಟಿಗೆಯೊಳಗೆ ಕೂರಿಸಿ ಊರಿನ ಮನೆಯ ಟೇಪ್‌ರೆಕಾರ್ಡರಿಗೆ ಬ್ಯಾಟರಿಯ ಬದಲು ಮನೆಯ ವಿದ್ಯುತ್ತಿನಿಂದ ನಡೆಸುವ ಎಲಿಮಿನೇಟರ್ ಮಾಡಿಕೊಟ್ಟಿದ್ದೆ. ಟೇಪ್‌ರೆಕಾರ್ಡರ್ ಗುಜರಿಗೆ ಹೋಗಿ ಎಷ್ಟೋ ಕಾಲವಾಯಿತು. ಕಳೆದ ಬೇಸಿಗೆಯಲ್ಲಿ ಅಟ್ಟ ಗುಡಿಸುವಾಗ ಸಿಕ್ಕ ಪೆಟ್ಟಿಗೆಯನ್ನು ಬಿಚ್ಚಿ, ಅದೇ ಹಳೆಯ ಪದ್ಧತಿಯಂತೆ ಬಲ್ಬಿನ ಮೂಲಕ ವಿದ್ಯುತ್ ಕೊಟ್ಟು ನೋಡಿದೆ, ಬಲ್ಬು ಉರಿಯಲಿಲ್ಲ. ಅದನ್ನು ತೆಗೆದು ನೇರವಾಗಿ ಕೊಟ್ಟು ಡಿಜಿಟಲ್ ಮೀಟರ್ ಹಿಡಿದಾಗ ಒಂದು ಅರ್ಧ 12.57 ತೋರಿಸಿತು, ಇನ್ನೊಂದು 12.43. ತುದಿಗಳನ್ನು ಒರೆಸಿ ಮತ್ತೆ ಮತ್ತೆ ಅಳೆದರೂ ವ್ಯತ್ಯಾಸ ಅಷ್ಟೇ: 0.14. ವೋಲ್ಟಿಗೆ ಏಳು ಸುತ್ತಾದರೆ ಅದು ಸರಿಯಾಗಿ ಒಂದು ಸುತ್ತು. ರೆಕಾರ್ಡ್ ಪುಸ್ತಕದಲ್ಲಿ ಎರಡು ಕಡೆಯೂ 88 ಎಂದೇ ಬರೆದು ಸಹಿ ಹಾಕಿಸಿಕೊಂಡಿದ್ದೇನೆ.