ಲಾಟರಿ ದುಡ್ಡಿನ ಗಿರಣಿ, ಅಪ್ಪನ ಲೆಕ್ಕ

ಅಪ್ಪ ಕಟ್ಟಡದ ಒಳಗೆ ಕಾಲಿಡುವ ಮೊದಲೇ ನಿಂತುಬಿಟ್ಟರು. ಅಲ್ಲಿದ್ದ ಫಲಕದ ಮೇಲೆ ಒಂದಕ್ಕೊಂದು ಹೆಣೆದ ಎರಡು ಬೆರಳಿನ ಚಿತ್ರ ಇತ್ತು.

"ಇದೇನಮ್ಮ ಗುರುತು?"

"ಲಾಟರಿ ಅಪ್ಪ. ಅದೃಷ್ಟ ಬರಲಿ ಅಂತ ಇಲ್ಲಿನವರು ಹೀಗೆ ಬೆರಳು ಹೆಣೆದುಕೊಳ್ತಾರೆ. ಈ ಕಟ್ಟಡ ರಿಪೇರಿ ಆಗಿದ್ದು ಜಾಸ್ತಿ ಲಾಟರಿ ದುಡ್ಡಲ್ಲೇ."

ಅಪ್ಪನ ಮುಖ ಹಾಗಲಕಾಯಿ ಕಚ್ಚಿದ ಹಾಗಾಯಿತು. ಅದಕ್ಕೆ ಕಾರಣವೂ ಇದೆ. ಮೈಸೂರಿನ ನಮ್ಮ ಬೀದಿಯಲ್ಲಿ ಒಂದಂಕಿ ಲಾಟರಿಗೆ ಆಟೋ ಕಳೆದುಕೊಂಡವರಿದ್ದರು, ಹೆಂಡತಿಯ ತಾಳಿ ಅಡ ಇಟ್ಟವರಿದ್ದರು. 2007ರಲ್ಲಿ ಕರ್ನಾಟಕದಲ್ಲಿ ಲಾಟರಿ ನಿಂತಾಗ ಅಪ್ಪ ಮನೆಗೆ ಸ್ವೀಟ್ ತಂದಿದ್ದರು. ಅಂಥವರನ್ನು ನಾನು ರೈಲು ಹತ್ತಿಸಿ ಕರೆತಂದಿದ್ದು ಲಾಟರಿ ಗುರುತಿನ ಮುಂದಕ್ಕೆ!

ಊರು ಶ್ರೂಸ್‌ಬರಿ. ಶ್ರೋಸ್‌ಬರಿ ಅನ್ನುವವರೂ ಇದ್ದಾರೆ. ಊರಿನವರೇ ಇನ್ನೂ ಜಗಳ ಮುಗಿಸಿಲ್ಲ, ನಾನ್ಯಾಕೆ ನಡುವೆ ಬರಲಿ. ಇಂಗ್ಲೆಂಡಿನ ನಮ್ಮ ಮನೆಯಿಂದ ರೈಲಿನಲ್ಲಿ ಒಂದು ಗಂಟೆಯ ದಾರಿ. ಪ್ರತಿ ಸೆಪ್ಟೆಂಬರ್‌ನಲ್ಲಿ ಇಲ್ಲಿ ಹಳೆಯ ಕಟ್ಟಡಗಳನ್ನು ಟಿಕೆಟ್ ಇಲ್ಲದೆ ತೆರೆದು ತೋರಿಸುವ ದಿನಗಳಿರುತ್ತವೆ. ಅಪ್ಪ ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾದವರು. ಅರಮನೆ, ಕೋಟೆ ತೋರಿಸಿದರೆ ಆಕಳಿಸುತ್ತಾರೆ. ಅದಕ್ಕೇ ಈ ಗಿರಣಿಗೆ ಕರೆತಂದಿದ್ದೆ.

ಹೊರಗಿಂದ ನೋಡಿದರೆ ಐದು ಅಂತಸ್ತಿನ ಸಾದಾ ಇಟ್ಟಿಗೆ ಕಟ್ಟಡ. ಆದರೆ ಒಳಗೆ ಮರದ ಕಂಬ, ಮರದ ತೊಲೆ ಯಾವುದೂ ಇಲ್ಲ. ಕಂಬ ತೊಲೆ ಎರಡೂ ಕಬ್ಬಿಣ. 1797ರಲ್ಲಿ ಮುಗಿದ ಇದು ಪ್ರಪಂಚದ ಮೊದಲ ಕಬ್ಬಿಣದ ಚೌಕಟ್ಟಿನ ಕಟ್ಟಡ. ದುಬೈನ ಬುರ್ಜ್ ಖಲೀಫಾದವರೆಗೆ ಎಲ್ಲ ಗಗನಚುಂಬಿಗಳಿಗೂ ಇದೇ ಮುತ್ತಜ್ಜ. ಆಗ ಇಲ್ಲಿ ಅಗಸೆ ನಾರಿನಿಂದ ಲಿನನ್ ನೂಲು ತೆಗೆಯುತ್ತಿದ್ದರು. ನಾರಿನ ಧೂಳು, ಎಣ್ಣೆ ಕುಡಿದ ಮರದ ನೆಲ, ಜೊತೆಗೆ ಬೆಳಕಿಗೆ ಬೆಂಕಿಯ ದೀಪ. ಗಿರಣಿಗಳು ಹುಲ್ಲಿನ ಬಣವೆ ಹಾಗೆ ಉರಿದುಹೋಗುತ್ತಿದ್ದವು. ಲೀಡ್ಸ್‌ನಲ್ಲಿ ಇದೇ ಮಾಲೀಕರ ಗಿರಣಿಯೊಂದು 1796ರಲ್ಲಿ ಸುಟ್ಟಿತ್ತು. ಹಾಗಾಗಿ ಇಲ್ಲಿ ಮರವೇ ಬೇಡ ಅಂತ ಎರಕದ ಕಬ್ಬಿಣ ಹಾಕಿದರು. ವಿನ್ಯಾಸ ಮಾಡಿದವನು ಚಾರ್ಲ್ಸ್ ಬೇಜ್. ವೈನ್ ವ್ಯಾಪಾರಿ, ಜೊತೆಗೆ ಸರ್ವೇಯರ್.

"ವೈನ್ ಮಾರೋನು ಇದನ್ನ ಡಿಸೈನ್ ಮಾಡಿದ್ನಾ?" ಅಪ್ಪ ಕಂಬವನ್ನು ಬೆರಳಿನಿಂದ ಟಕಟಕ ಬಡಿದು ನೋಡಿದರು. ಎತ್ತರ ಅಳೆದರು, ನಡುವಿನ ಅಂತರವನ್ನು ಹೆಜ್ಜೆ ಹಾಕಿ ಅಳೆದರು. ಹಾಗಲಕಾಯಿ ಮುಖ ಸ್ವಲ್ಪ ಸಡಿಲವಾಯಿತು.

ನೂಲಿನ ಕೆಲಸ 1886ರಲ್ಲಿ ನಿಂತಿತು. ಆಮೇಲೆ ಬಾರ್ಲಿ ಮೊಳಕೆ ಬರಿಸಿ ಮಾಲ್ಟ್ ಮಾಡುವವರು ಬಂದರು. ನಮ್ಮ ರಾಗಿ ಮಾಲ್ಟ್ ಅಲ್ಲ, ಇದು ಬಿಯರ್‌ಗೆ ಹೋಗುವುದು. ಅವರಿಗೆ ಬೆಳಕು ಬೇಡ, ಕಿಟಕಿಗಳನ್ನು ಇಟ್ಟಿಗೆಯಿಂದ ಮುಚ್ಚಿದರು. 1987ರಲ್ಲಿ ಅವರೂ ಬಾಗಿಲು ಹಾಕಿಕೊಂಡು ಹೋದರು. ಅಲ್ಲಿಂದ ಮುಂದೆ ಪಾರಿವಾಳಗಳ ರಾಜ್ಯ. 2005ರಲ್ಲಿ ಸರ್ಕಾರಿ ಪರಂಪರೆ ಸಂಸ್ಥೆಯೇ ಕಟ್ಟಡವನ್ನು ಕೊಂಡುಕೊಂಡಿತು. ಮುಖ್ಯ ಗಿರಣಿ ಜನರಿಗೆ ತೆರೆದಿದ್ದು 2022ರಲ್ಲಿ. ಮುಚ್ಚಿದ ದಿನದಿಂದ ಲೆಕ್ಕ ಹಾಕಿದರೆ 35 ವರ್ಷ. ಇಲ್ಲೂ ಫೈಲು ನಿಧಾನವೇ, ಅದನ್ನು ಹೇಳಲೇಬೇಕು.

ಖರ್ಚು ಸುಮಾರು 2 ಕೋಟಿ 80 ಲಕ್ಷ ಪೌಂಡ್. ಅದರಲ್ಲಿ 2 ಕೋಟಿ 7 ಲಕ್ಷ ಲಾಟರಿ ಪರಂಪರೆ ನಿಧಿಯದ್ದು. ಬ್ರಿಟನ್ನಿನ ರಾಷ್ಟ್ರೀಯ ಲಾಟರಿ 1994ರಲ್ಲಿ ಶುರುವಾಯಿತು. ಟಿಕೆಟ್ಟಿನ ಪ್ರತಿ ಪೌಂಡಿನಲ್ಲಿ, ಅಂದರೆ ನೂರು ಪೆನ್ಸ್‌ನಲ್ಲಿ, ಸುಮಾರು 28 ಪೆನ್ಸ್ ಸಾರ್ವಜನಿಕ ಕೆಲಸಕ್ಕೆ ಹೋಗುತ್ತದೆ. ಅದರಲ್ಲಿ ಐದನೇ ಒಂದು ಪಾಲು ಹಳೆಯ ಕಟ್ಟಡ, ಮ್ಯೂಸಿಯಂ, ಉದ್ಯಾನ ಇಂಥವಕ್ಕೆ. ಉಳಿದದ್ದು ಕ್ರೀಡೆ, ಕಲೆ, ಸಮುದಾಯ ಅಂತ ಹಂಚಿಹೋಗುತ್ತದೆ. ತೆರಿಗೆಯಿಂದ ಬರುವ ನೇರ ಸರ್ಕಾರಿ ಅನುದಾನವೂ ಇದೆ. 2020ರಿಂದ 2024ರವರೆಗೆ ಅರವತ್ತಕ್ಕೂ ಹೆಚ್ಚು ಊರುಗಳ ಹಳೆಯ ಪೇಟೆಬೀದಿಗಳಿಗೆ ಸರ್ಕಾರ 9.5 ಕೋಟಿ ಪೌಂಡ್ ಕೊಟ್ಟಿತು. ಆದರೆ ಇಂಥ ದೊಡ್ಡ ಕಟ್ಟಡಕ್ಕೆ ಕೈ ಹಾಕುವವರು ಮೊದಲು ಬಾಗಿಲು ತಟ್ಟುವುದು ಲಾಟರಿ ನಿಧಿಯದನ್ನೇ.

ಅಪ್ಪ ಜೇಬಿನಿಂದ ರೈಲು ಟಿಕೆಟ್ ತೆಗೆದು ಅದರ ಹಿಂದೆ ಲೆಕ್ಕ ಶುರು ಮಾಡಿದರು. ಹಳೆಯ ಕಟ್ಟಡಗಳ ಪಾಲು ಪೌಂಡಿಗೆ ಐದೂವರೆ ಪೆನ್ಸ್. ಈ ಒಂದು ಗಿರಣಿಗೆ ಸುಮಾರು 37 ಕೋಟಿ ಪೌಂಡಿನ ಲಾಟರಿ ಟಿಕೆಟ್ ಮಾರಾಟ ಆಗಿರಬೇಕು. "ಅಷ್ಟು ಜನ ಕಳಕೊಂಡಿದ್ದಾರೆ ಕಣಮ್ಮ, ಈ ಕಂಬ ನಿಲ್ಲೋಕೆ."

ನನಗೆ ಉತ್ತರ ಹೊಳೆಯಲಿಲ್ಲ. ಶನಿವಾರ ಸಂಜೆ ನಮ್ಮ ಬೀದಿಯ ಅಂಗಡಿಯಲ್ಲಿ ಲಾಟರಿ ಕೊಳ್ಳುವವರನ್ನು ನೋಡಿದ್ದೇನೆ. ಕೆಲಸದ ಬೂಟು ಹಾಕಿಕೊಂಡವರು, ಚಿಲ್ಲರೆ ಎಣಿಸಿ ಕೊಡುವ ಅಜ್ಜಿಯರು. ಗಿರಣಿಯ ಕೆಫೆಯಲ್ಲಿ ಕೂತು ಕೇಕ್ ತಿನ್ನುವವರ ಪೈಕಿ ಅವರು ಎಷ್ಟು ಜನ? ಈ ವ್ಯವಸ್ಥೆಯನ್ನು ನಾನು ಮೆಚ್ಚುತ್ತೇನೆ, ಆದರೆ ಪೂರ್ತಿ ಮನಸ್ಸಿನಿಂದ ಅಲ್ಲ.

ಅಲ್ಲೇ ಹಳೆಯ ಇಟ್ಟಿಗೆಗಳೂ ಇದ್ದವು. ಅಪ್ಪ ಗೇಣು ಹಾಕಿ ನೋಡಿದರು. "ಮಾಮೂಲಿಗಿಂತ ದಪ್ಪ ಇದೆಯಲ್ಲ?" ಅದರ ಹಿಂದೆಯೂ ಒಂದು ಕಥೆ. 1784ರಲ್ಲಿ ಇಲ್ಲಿ ಇಟ್ಟಿಗೆಗೆ ತೆರಿಗೆ ಹಾಕಿದರು, ಸಾವಿರಕ್ಕೆ ಇಷ್ಟು ಅಂತ. ಜನ ಸುಮ್ನೆ ಇರುತ್ತಾರಾ? ಇಟ್ಟಿಗೆಯನ್ನೇ ದೊಡ್ಡದು ಮಾಡಿದರು. ಗೋಡೆ ಅಷ್ಟೇ, ಎಣಿಕೆ ಕಡಿಮೆ. ಅಪ್ಪ ಜೋರಾಗಿ ನಕ್ಕರು. ಇಂಥ ಬುದ್ಧಿವಂತ ಕಂಟ್ರಾಕ್ಟರುಗಳು ಅವರಿಗೆ ಚೆನ್ನಾಗಿ ಗೊತ್ತು.

ಆ ತೆರಿಗೆ ಹೋಯಿತು, ಈಗ ಇನ್ನೊಂದಿದೆ. ಅದರ ಬಿಸಿ ನಮಗೇ ತಟ್ಟಿದೆ. ನಾವು ಕೊಂಡ ಪುಟ್ಟ ಮನೆ ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿದೆ, ಎರಡನೇ ದರ್ಜೆ. ಇಂಗ್ಲೆಂಡಿನ ಪಟ್ಟಿಯಲ್ಲಿ ನಾಲ್ಕು ಲಕ್ಷದಷ್ಟು ನಮೂದುಗಳಿವೆ, ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಈ ದರ್ಜೆಯವೇ. ಅದರ ರೂಪ ಬದಲಾಗುವ ಯಾವ ಕೆಲಸಕ್ಕೂ ಅನುಮತಿ ಬೇಕು. ಕೇಳದೆ ಮಾಡಿದರೆ ಕ್ರಿಮಿನಲ್ ಅಪರಾಧ. ನಮ್ಮ ಮುಂಬದಿಯ ಮರದ ಕಿಟಕಿ ಲಡ್ಡಾಗಿತ್ತು. ಪಟ್ಟಿಗೆ ಸೇರಿಸಿದವರೇ ದುಡ್ಡೂ ಕೊಡುತ್ತಾರೆ ಅಂತ ಅರ್ಜಿ ಹಿಡಿದು ಹೊರಟೆ. ಆಮೇಲೆ ಗೊತ್ತಾಯಿತು, ನನ್ನಂಥ ಖಾಸಗಿ ಮನೆಯವರಿಗೆ ಅನುದಾನ ಸಿಗುವುದು ಅಪರೂಪದಲ್ಲಿ ಅಪರೂಪ. ಪ್ಲಾಸ್ಟಿಕ್ ಚೌಕಟ್ಟು ಹಾಕುವ ಹಾಗಿಲ್ಲ. ಅದೇ ಮರ, ಅದೇ ಅಳತೆ, ಖರ್ಚು ಮಾತ್ರ ನಮ್ಮದು. ಬಡಗಿಯ ಬಿಲ್ಲಿನ ಮೇಲೆ 20 ಪರ್ಸೆಂಟ್ ವ್ಯಾಟ್ ಬೇರೆ. ಹೊಸ ಮನೆ ಕಟ್ಟಿದರೆ ಆ ವ್ಯಾಟ್ ಸೊನ್ನೆ!

"ಅಲ್ಲ, ಹೊಸದು ಕಟ್ಟೋನಿಗೆ ತೆರಿಗೆ ಇಲ್ಲ, ಇರೋದನ್ನ ಉಳಿಸೋನಿಗೆ ತೆರಿಗೆನಾ?" ಅಂತ ಅಪ್ಪ ನಮ್ಮ ಅಡುಗೆಮನೆಯಲ್ಲೇ ಗುಡುಗಿದ್ದರು. ಚರ್ಚು, ಗುರುದ್ವಾರ, ದೇವಸ್ಥಾನ ಏನೇ ಇರಲಿ, ಪಟ್ಟಿಯಲ್ಲಿರುವ ಪ್ರಾರ್ಥನಾ ಸ್ಥಳವಾದರೆ ಈ ವ್ಯಾಟ್ ವಾಪಸ್ ಕೊಡುವ ಸರ್ಕಾರಿ ಅನುದಾನ 2001ರಿಂದ 2026ರ ಮಾರ್ಚ್‌ವರೆಗೆ ಇತ್ತು. 2025ರಲ್ಲಿ ಅದಕ್ಕೂ ಒಂದು ಕಟ್ಟಡಕ್ಕೆ ವರ್ಷಕ್ಕೆ 25,000 ಪೌಂಡ್ ಅಂತ ಮಿತಿ ಹಾಕಿದರು. ದೊಡ್ಡ ಚರ್ಚಿನ ಸೂರು ಮಾಡಿಸುವವರಿಗೆ ಅದು ಯಾವ ಮೂಲೆಗೆ?

ಹಾಗಾದರೆ ಅನುದಾನ ಸಿಗುವುದು ಯಾರಿಗೆ? ಇದು ನನಗೆ ಅರ್ಥವಾಗಿದ್ದು ನಮ್ಮೂರಿನ ಹಳೆಯ ಸಭಾಂಗಣದ ಕಮಿಟಿ ಸೇರಿದ ಮೇಲೆ. ಸೂರು ಸೋರುತ್ತಿತ್ತು. ಅರ್ಜಿಯ ಮೊದಲ ಕರಡಿನಲ್ಲಿ ನಾನು ಸೂರಿನ ಬಗ್ಗೆ ನಾಲ್ಕು ಪುಟ ಬರೆದೆ. ತೊಲೆ, ಹಂಚು, ಸೀಸದ ತಗಡು ಎಲ್ಲ. ಕಮಿಟಿಯ ಹಿರಿಯಜ್ಜಿ ಓದಿ, "ಚೆನ್ನಾಗಿದೆ, ಆದರೆ ಇದರಲ್ಲಿ ಜನ ಎಲ್ಲಿ?" ಅಂದರು. ಲಾಟರಿ ನಿಧಿಯವರು ಕೇಳುವುದು ಅದನ್ನೇ. ಈ ಕಟ್ಟಡ ಉಳಿದರೆ ಯಾರು ಬರುತ್ತಾರೆ, ಈಗ ಬರದವರನ್ನು ಹೇಗೆ ಬರಮಾಡಿಕೊಳ್ಳುತ್ತೀರಿ, ಹತ್ತು ವರ್ಷದ ಮೇಲೆ ಸೂರು ನೋಡಿಕೊಳ್ಳುವವರು ಯಾರು? ಅಪ್ಪಣೆ ಪತ್ರ ಬರುವ ಮೊದಲು ಒಂದು ಹಂಚು ಎತ್ತಿದರೂ ಆ ಖರ್ಚು ನಮ್ಮದೇ. ಕೇಳುವ ಅನುದಾನ ಎರಡೂವರೆ ಲಕ್ಷ ಪೌಂಡ್ ದಾಟಿದರೆ ಖರ್ಚಿನಲ್ಲಿ ನೂರಕ್ಕೆ ಐದು ಭಾಗ ನಾವು ಹೊಂದಿಸಬೇಕು, ಹತ್ತು ಲಕ್ಷ ದಾಟಿದರೆ ಹತ್ತು ಭಾಗ. ಕೊನೆಯ ಹತ್ತು ಪರ್ಸೆಂಟ್ ವರದಿ ಒಪ್ಪಿಸಿದ ಮೇಲಷ್ಟೇ ಕೈಗೆ. ನಮ್ಮದು ಅದಕ್ಕಿಂತ ಚಿಕ್ಕ ಅರ್ಜಿ, ಆದರೂ ನಮ್ಮ ಪಾಲು ಅಂತ ಸ್ವಯಂಸೇವಕರ ಗಂಟೆಗಳನ್ನೂ ಪೌಂಡಿಗೆ ಇಳಿಸಿ ತೋರಿಸಬಹುದು.

"ಶ್ರಮದಾನಕ್ಕೂ ಬಿಲ್ಲಾ!" ಅಪ್ಪನಿಗೆ ಇದು ಬಹಳ ಹಿಡಿಸಿತು. ಪಾಲು ಹಾಕುವುದೇನೂ ಹೊಸದಲ್ಲ ಅಂತಲೂ ಹೇಳಿದರು. ಧರ್ಮಸ್ಥಳ ಮಂಜುನಾಥೇಶ್ವರ ಧರ್ಮೋತ್ಥಾನ ಟ್ರಸ್ಟ್ ನಮ್ಮಲ್ಲಿ ಹಳೆಯ ಗುಡಿಗಳನ್ನು ಎತ್ತಿ ನಿಲ್ಲಿಸಿದ್ದು ಹಾಗೇ. ಸರ್ಕಾರದ್ದು 40, ಟ್ರಸ್ಟಿನದ್ದು 40, ಊರಿನವರದ್ದು 20. "ಗುಡಿಗೆ ಅಂದ್ರೆ ಊರು ದುಡ್ಡು ಹಾಕುತ್ತೆ. ಮಾರ್ಕೆಟ್‌ಗೆ ಯಾರು ಹಾಕ್ತಾರೆ?"

ಅವರ ಮನಸ್ಸಿನಲ್ಲಿದ್ದುದು ಯಾವ ಮಾರ್ಕೆಟ್ ಅಂತ ನನಗೆ ಗೊತ್ತು. ಚಿಕ್ಕಂದಿನಲ್ಲಿ ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಹಳೆಯ ಪುಸ್ತಕದ ಅಂಗಡಿಗೆ ನನ್ನನ್ನು ಕರೆದೊಯ್ಯುತ್ತಿದ್ದರು. ಬರುವಾಗ ದೇವರಾಜ ಮಾರ್ಕೆಟ್‌ನಲ್ಲಿ ಮಲ್ಲಿಗೆ, ನಂಜನಗೂಡು ರಸಬಾಳೆ. 2012ರಲ್ಲಿ ಲ್ಯಾನ್ಸ್‌ಡೌನ್‌ನ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರಲ್ಲಿ ಮಾರ್ಕೆಟ್‌ನ ಒಂದು ಭಾಗವೂ ಬಿತ್ತು. ಕೆಡವಬೇಕು ಅಂತ ಒಂದು ಕಡೆ, ಉಳಿಸಬಹುದು ಅಂತ ಇನ್ನೊಂದು ಕಡೆ, ವರ್ಷಗಟ್ಟಲೆ ವಾದ. ಅಪ್ಪ ಉಳಿಸಬಹುದು ಅನ್ನುವ ಗುಂಪಿನವರು. "ಗಾರೆ ಗೋಡೆಗೆ ಸಿಮೆಂಟ್ ಮೆತ್ತಬಾರದು. ನೀರು ಒಳಗೇ ಉಳಿದು ಇಟ್ಟಿಗೆ ಪುಡಿಯಾಗುತ್ತೆ" ಅನ್ನುವುದು ಅವರ ಹಳೆಯ ಪಲ್ಲವಿ. ಇಲ್ಲಿ ಅನುದಾನದ ಕೆಲಸಕ್ಕೂ ಸುಣ್ಣದ ಗಾರೆಯೇ ಆಗಬೇಕು ಅಂದಾಗ, ಮುಖದಲ್ಲಿ ಗೆದ್ದವರ ನಗು. ಬೆಲ್ಲ, ಅಳಲೆಕಾಯಿ ನೀರು ಹಾಕುತ್ತಾರಾ ಅಂತ ಕೇಳಿದರು. ಇಲ್ಲ ಅಂದೆ. "ಹಾಗಾದ್ರೆ ಏನು ಗಾರೆ!"

ಹೊರಡುವಾಗ ಬಾಗಿಲ ಹತ್ತಿರ ಕಾಣಿಕೆ ಡಬ್ಬಿ ಕಂಡಿತು. "ಇವರದ್ದೂ ಹುಂಡಿ ಇದೆ" ಅಂತ ಅಪ್ಪ ನನ್ನ ಕಡೆ ಕೈ ಚಾಚಿದರು. ಐದು ಪೌಂಡಿನ ನೋಟು ಕೊಟ್ಟೆ. ಅದನ್ನು ನಾಲ್ಕಾಗಿ ಮಡಚಿ ಡಬ್ಬಿಗೆ ಹಾಕಿ, ರೈಲು ಟಿಕೆಟ್ಟಿನ ಹಿಂದಿನ ಲೆಕ್ಕ ನೋಡಿಕೊಂಡರು.

"ಯಾರೋ ಒಬ್ಬರಿಗೆ ತೊಂಬತ್ತು ಪೌಂಡಿನ ಲಾಟರಿ ಉಳೀತು, ನಡಿ."