ಹನ್ನೊಂದನೆಯ ಬೆರಳಿಗೆ ಜಾಗವಿರಲಿಲ್ಲ

ಬೆಟಗೇರಿಯ ನಮ್ಮ ಮನೆಯ ಅಟ್ಟದಲ್ಲಿ ಒಂದು ಪಟ ಸುತ್ತಿಟ್ಟಿದೆ. ದಪ್ಪ ಬಿಳಿ ಬಟ್ಟೆಯ ಮೇಲೆ ಬಣ್ಣದಲ್ಲಿ ಬರೆದ ಪ್ರತಿಮೆ, ಹೆಚ್ಚುಕಡಿಮೆ ಆಳೆತ್ತರ. ತಲೆ ಬಂಗಾರ, ಎದೆ ಬೆಳ್ಳಿ, ಹೊಟ್ಟೆ ತೊಡೆ ತಾಮ್ರ, ಕಾಲು ಕಬ್ಬಿಣ. ಪಾದ ಮಾತ್ರ ಅರ್ಧ ಕಬ್ಬಿಣ, ಅರ್ಧ ಜೇಡಿಮಣ್ಣು. ಬೈಬಲ್ಲಿನ ದಾನಿಯೇಲನ ಪುಸ್ತಕದ ಎರಡನೇ ಅಧ್ಯಾಯದಲ್ಲಿ ಬಾಬೆಲಿನ ಅರಸ ನೆಬೂಕದ್ನೆಚ್ಚರ ಕಂಡ ಕನಸು ಅದು. ಒಂದೊಂದು ಲೋಹ ಅಂದರೆ ಒಂದಾದ ಮೇಲೊಂದು ಬರುವ ಒಂದೊಂದು ರಾಜ್ಯ. ಬರೆದವರು ನಮ್ಮ ಕಾಕಾ. ನಾವೆಲ್ಲ ಸಿಎಸ್‌ಐ ಚರ್ಚಿನವರು. ಕಾಕಾ ಮಾತ್ರ ಮದುವೆಯಾದ ಮೇಲೆ ಬ್ರದರನ್ ಎಂಬ ಇನ್ನೊಂದು ಕ್ರೈಸ್ತ ಪಂಗಡದ ಸಭೆಗೆ ಹೋಗತೊಡಗಿದ್ದರು. ಮುಂದಾಗುವುದನ್ನು ಹೇಳುವ ಬೈಬಲ್ ಮಾತು, ಅಂದರೆ ಪ್ರವಾದನೆ, ಅವರಿಗೆ ಪ್ರಾಣ.

ಆ ಪಟದ ಕಾಲ್ಬೆರಳುಗಳ ಮೇಲೆ ಪೆನ್ಸಿಲ್ಲಿನಲ್ಲಿ ಸಣ್ಣಗೆ ದೇಶಗಳ ಹೆಸರಿವೆ. ಹತ್ತು ಬೆರಳು ಅಂದರೆ ಕೊನೇ ಕಾಲದಲ್ಲಿ ಒಂದಾಗುವ ಹತ್ತು ದೇಶ ಅಂತ ಕಾಕಾನ ಲೆಕ್ಕ. ಫ್ರಾನ್ಸ್, ಪಶ್ಚಿಮ ಜರ್ಮನಿ, ಇಟಲಿ, ಬೆಲ್ಜಿಯಂ, ಹಾಲೆಂಡ್, ಲಕ್ಸೆಂಬರ್ಗ್. 1957ರಲ್ಲಿ ರೋಮ್ ಒಪ್ಪಂದಕ್ಕೆ ಸಹಿ ಹಾಕಿ, ಇವತ್ತಿನ ಯುರೋಪಿಯನ್ ಒಕ್ಕೂಟಕ್ಕೆ ಮೂಲವಾದ ಕಾಮನ್ ಮಾರ್ಕೆಟ್ ಕಟ್ಟಿದ ಆರು ದೇಶಗಳು ಇವೇ. ಆಮೇಲೆ 1973ರಲ್ಲಿ ಸೇರಿದ ಬ್ರಿಟನ್, ಐರ್ಲೆಂಡ್, ಡೆನ್ಮಾರ್ಕ್. ಆ ವರ್ಷವೇ ಹತ್ತಾಗಬೇಕಿತ್ತು, ಆದರೆ ನಾರ್ವೆ ಜನ ಹಿಂದಿನ ವರ್ಷ ಮತ ಹಾಕಿ ಬೇಡ ಅಂದುಬಿಟ್ಟಿದ್ದರು. ಎಡಗಾಲಿನ ಕಿರುಬೆರಳು ಖಾಲಿ ಉಳಿಯಿತು.

1981ರ ಜನವರಿಯಲ್ಲಿ ಗ್ರೀಸ್ ಸೇರಿತು. ನನಗೆ ಆಗ ಹನ್ನೆರಡು ವರ್ಷ. ಕಾಕಾ ಪಟವನ್ನು ನೆಲದ ಮೇಲೆ ಹಾಸಿ, ಮೊಣಕಾಲೂರಿ ಕೂತು, ಆ ಕಿರುಬೆರಳಿನ ಮೇಲೆ ಗ್ರೀಸ್ ಅಂತ ಬರೆದದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಅವರ ಕೈ ನಡುಗುತ್ತಿತ್ತು. ಹತ್ತು ಬೆರಳು ತುಂಬಿದವು. ಇನ್ನು ಹಳೇ ರೋಮ್ ಸಾಮ್ರಾಜ್ಯ ಮತ್ತೆ ಎದ್ದು, ಅದರೊಳಗಿಂದ ಕ್ರಿಸ್ತನಿಗೆ ಎದುರಾಳಿಯಾದ ಕ್ರಿಸ್ತವಿರೋಧಿ ಬರುತ್ತಾನೆ, ಅದಕ್ಕೂ ಮುಂಚೆ ಸಭೆ ಎತ್ತಲ್ಪಡುತ್ತದೆ, ಅಂದರೆ ನಂಬಿದವರೆಲ್ಲ ಒಮ್ಮೆಲೇ ಮೇಲಕ್ಕೆ ಹೋಗಿಬಿಡುತ್ತಾರೆ, ಉಳಿದವರು ಇಲ್ಲೇ ಅಂತ ಕಾಕಾ ಹೇಳಿದರು. ಆ ರಾತ್ರಿ ನಾನು ಎರಡು ಸಲ ಎದ್ದು, ಅವ್ವ ಹಾಸಿಗೆಯಲ್ಲಿ ಇದ್ದಾಳೋ ಇಲ್ಲವೋ ಅಂತ ಕೈಯಾಡಿಸಿ ನೋಡಿದೆ. ಆ ಹೆದರಿಕೆ ವರ್ಷಗಟ್ಟಲೆ ಬಿಡಲಿಲ್ಲ.

ಇದು ಕಾಕಾ ತಾವೇ ಕಟ್ಟಿದ ಕತೆಯಲ್ಲ. ದಾನಿಯೇಲನ ನಾಲ್ಕನೇ ರಾಜ್ಯ ರೋಮ್, ಅದು ಕೊನೆಗೆ ಹತ್ತು ಅರಸರ ಪಾಲಾಗುತ್ತದೆ ಅಂತ ಬೈಬಲ್ ಪಂಡಿತ ಜೆರೋಮ್ 5ನೇ ಶತಮಾನದ ಶುರುವಿನಲ್ಲೇ ಬರೆದಿದ್ದರು. 19ನೇ ಶತಮಾನದಲ್ಲಿ ಬ್ರದರನ್ ಪಂಗಡದ ಜಾನ್ ನೆಲ್ಸನ್ ಡಾರ್ಬಿ ಇದಕ್ಕೆ ಕಾಲಪಟ್ಟಿಯಂಥ ರೂಪ ಕೊಟ್ಟರು. 1909ರ ಸ್ಕೋಫೀಲ್ಡ್ ಬೈಬಲ್ಲಿನ ಅಡಿಟಿಪ್ಪಣಿಗಳು ಅದನ್ನು ಮನೆಮನೆಗೆ ಒಯ್ದವು. ಇಟಲಿಯ ಮುಸೊಲಿನಿ ಕಾಲದಲ್ಲಿ ಅವನೇ ಆ ಕ್ರಿಸ್ತವಿರೋಧಿ ಅಂದವರಿದ್ದರು. ಅಮೆರಿಕದ ಹಾಲ್ ಲಿಂಡ್ಸೆ 1970ರಲ್ಲಿ ಬರೆದ ಪುಸ್ತಕ, ಯುರೋಪಿನ ಕಾಮನ್ ಮಾರ್ಕೆಟ್ಟೇ ಹತ್ತು ದೇಶಗಳ ಆ ಕೂಟಕ್ಕೆ ನಾಂದಿ ಇರಬಹುದು ಎಂದಿತು. ಅದು ಲಕ್ಷಗಟ್ಟಲೆ ಖರ್ಚಾಯಿತು. ಕಾಕಾ ಅವರ ಸಭೆಯ ಬೋಧನೆಯೂ ಇದೇ ದಾರಿಯದು.

1986ರಲ್ಲಿ ಸ್ಪೇನ್, ಪೋರ್ಚುಗಲ್ ಸೇರಿದವು. ಹನ್ನೆರಡಾಯಿತು. ನಾನು ಆಗ ಪಿಯುಸಿ. ಕಾಕಾನ ಮನೆಗೆ ಓಡಿಹೋಗಿ, "ಕಾಕಾ, ಇವೆರಡನ್ನ ಎಲ್ಲಿ ಬರೀತೀರಿ?" ಅಂತ ಕೇಳಿದೆ. ಅವರು ಸಿಟ್ಟಾಗಲಿಲ್ಲ. ರಬ್ಬರ್ ತಗೊಂಡು ಗ್ರೀಸ್ ಅಳಿಸಿದರು. ಸ್ವಲ್ಪ ಹೊತ್ತು ಸುಮ್ನೆ ಕೂತು, ಮತ್ತೆ ಅದನ್ನೇ ಬರೆದರು. "ದೇವರು ಹೇಳಿದ್ದು ಬಣ್ಣದಾಗ ಐತಿ, ನಾ ಬರದದ್ದು ಪೆನ್ಸಿಲ್ಲಿನಾಗ ಐತಿ ತಂಗಿ" ಅಂದರು.

ಆ ಮಾತು ನನ್ನನ್ನು ಬೈಬಲ್ಲಿಗೆ ವಾಪಸ್ ಕಳಿಸಿತು. ಎರಡನೇ ಅಧ್ಯಾಯವನ್ನು ಬೆರಳಿಟ್ಟು ಓದಿದೆ. ಅಲ್ಲಿ ಪಾದದ ಬೆರಳುಗಳ ಮಾತು ಬರುತ್ತದೆ, ಆದರೆ ಹತ್ತು ಅನ್ನುವ ಸಂಖ್ಯೆಯೇ ಇಲ್ಲ! ಹತ್ತು ಕೊಂಬಿನ ಮೃಗ ಬರುವುದು ಏಳನೇ ಅಧ್ಯಾಯದಲ್ಲಿ, ಆಮೇಲೆ ಬೈಬಲ್ಲಿನ ಕೊನೆಯ ಪುಸ್ತಕವಾದ ಪ್ರಕಟನೆಯಲ್ಲಿ. ಬೆರಳುಗಳನ್ನು ನಾವು ನಮ್ಮ ಕಾಲು ನೋಡಿ ಎಣಿಸಿದ್ದೆವು. ಇನ್ನೂ ಒಂದು ನೋಡಿ. ಕಬ್ಬಿಣ ಮತ್ತು ಮಣ್ಣು ಒಂದಕ್ಕೊಂದು ಅಂಟುವುದಿಲ್ಲ ಎನ್ನುವ ವಚನವನ್ನೇ ಹಿಡಿದು ಸೆವೆಂತ್ ಡೇ ಅಡ್ವೆಂಟಿಸ್ಟ್ ಎಂಬ ಇನ್ನೊಂದು ಪಂಗಡದವರು ಪೂರಾ ಉಲ್ಟಾ ಹೇಳುತ್ತಾರೆ: ಯುರೋಪ್ ಎಂದಿಗೂ ಒಂದಾಗದು, ನೆಪೋಲಿಯನ್, ಹಿಟ್ಲರ್ ಎಲ್ಲರೂ ಸೋತದ್ದು ಅದಕ್ಕೇ. ಅದೇ ಅಧ್ಯಾಯ, ಅದೇ ಪಾದ. ಒಬ್ಬರಿಗೆ ಒಕ್ಕೂಟ ಆಗಲೇಬೇಕು, ಇನ್ನೊಬ್ಬರಿಗೆ ಆಗಲೇಬಾರದು.

ಸದಸ್ಯ ದೇಶಗಳು ಹನ್ನೆರಡಾದ ಮೇಲೂ ಎಣಿಕೆ ನಿಲ್ಲಲಿಲ್ಲ. ವೆಸ್ಟರ್ನ್ ಯುರೋಪಿಯನ್ ಯೂನಿಯನ್ ಎಂಬ ರಕ್ಷಣಾ ಕೂಟಕ್ಕೆ 1995ರಲ್ಲಿ ಹತ್ತು ಪೂರ್ಣ ಸದಸ್ಯರಾದಾಗ ಕೆಲವರು ಇದೇ ಅಂದರು. 2011ರಲ್ಲಿ ಆ ಕೂಟವೇ ಮುಚ್ಚಿತು. ಯುರೋಪಿಯನ್ ಒಕ್ಕೂಟ 28ಕ್ಕೆ ಏರಿ, ಬ್ರಿಟನ್ ಹೊರಬಿದ್ದ ಮೇಲೆ ಈಗ 27. ನನಗೆ ನೋವಾಗುವುದು ಲೆಕ್ಕ ತಪ್ಪಿದ್ದಕ್ಕಲ್ಲ. ದಾನಿಯೇಲ ಸೆರೆಯಾಗಿ ಬಾಬೆಲಿಗೆ ಬಂದ ಹುಡುಗ. ಪ್ರಕಟನೆ ರೋಮಿನ ಕೈಕೆಳಗೆ ಒದ್ದಾಡುತ್ತಿದ್ದ ಏಳು ಸಭೆಗಳಿಗೆ ಬಂದ ಪತ್ರ. ಹೆದರಬೇಡಿ, ಈ ಸಾಮ್ರಾಜ್ಯ ಶಾಶ್ವತವಲ್ಲ ಅಂತ ಹೇಳಲು ಬರೆದದ್ದನ್ನು ಓದಿ ಒಂದು ಮಗು ರಾತ್ರಿ ಎದ್ದು ಅವ್ವನನ್ನು ತಡಕಾಡಿತು. ಇದು ಸರಿಯಲ್ಲ.

ನನ್ನ ಮಗ ಈಗ ಸ್ಟುಟ್‌ಗಾರ್ಟ್‌ನಲ್ಲಿದ್ದಾನೆ. ನಮ್ಮ ಬೆಟಗೇರಿಗೆ ಬಂದ ಬಾಸೆಲ್ ಮಿಶನ್ ಪಾದ್ರಿಗಳಲ್ಲಿ ಎಷ್ಟೋ ಜನ ಆ ಸೀಮೆಯವರೇ. 1914ರ ಯುದ್ಧ ಶುರುವಾದಾಗ ಬ್ರಿಟಿಷರು ಜರ್ಮನ್ ಮಿಶನರಿಗಳನ್ನು ಹಿಡಿದು ಅಹಮದ್‌ನಗರದ ಶಿಬಿರದಲ್ಲಿ ಇಟ್ಟರು. ಮಿಶನ್ನಿನ ಹೆಂಚಿನ ಕಾರ್ಖಾನೆಗಳೂ ಕೈಬಿಟ್ಟು ಹೋದವು. ಯುರೋಪಿನ ಜಗಳ ನಮ್ಮ ಓಣಿಗೂ ಬಂದಿತ್ತು, ಅಲ್ವಾ?

ಮಗನ ಹತ್ತಿರ ಹೋದಾಗ ಸ್ಟ್ರಾಸ್‌ಬರ್ಗ್ ನೋಡಲೇಬೇಕು ಅಂದೆ. ಜರ್ಮನಿಯ ಗಡಿಯ ಕೇಲ್ ಊರಿಂದ ಟ್ರಾಮ್ ಹತ್ತಿದರೆ ರೈನ್ ನದಿಯ ಸೇತುವೆ ದಾಟಿ ಫ್ರಾನ್ಸ್. ಬ್ಯಾಗಿನಿಂದ ಪಾಸ್‌ಪೋರ್ಟ್ ತೆಗೆದಿಟ್ಟುಕೊಂಡು ಕೂತಿದ್ದೆ, ಯಾರೂ ಕೇಳಲಿಲ್ಲ. 1871ರಿಂದ 1945ರೊಳಗೆ ಈ ಊರು ನಾಲ್ಕು ಸಲ ಕೈಬದಲಾಗಿದೆ, ಜರ್ಮನಿಗೆ, ಫ್ರಾನ್ಸಿಗೆ, ಮತ್ತೆ ಜರ್ಮನಿಗೆ, ಮತ್ತೆ ಫ್ರಾನ್ಸಿಗೆ.

ಮೊದಲು ಯುರೋಪಿಯನ್ ಪಾರ್ಲಿಮೆಂಟ್. 1999ರಲ್ಲಿ ತೆರೆದ ಕಟ್ಟಡದ ಗೋಪುರ, ಮೇಲ್ಭಾಗ ಅರ್ಧಕ್ಕೇ ಬಿಟ್ಟಂತಿದೆ. ಹಳೇ ಚಿತ್ರಕಾರ ಬ್ರೂಗೆಲ್ ಬರೆದ, ಬೈಬಲ್ಲಿನಲ್ಲಿ ಅರ್ಧಕ್ಕೇ ನಿಂತ ಬಾಬೆಲ್ ಗೋಪುರದ ಹಾಗೇ ಕಟ್ಟಿದ್ದಾರೆ ಅಂತ ಎಷ್ಟೋ ಪ್ರವಾದನೆಯ ವಿಡಿಯೋಗಳು ಹೇಳುತ್ತವೆ. ಹೌದು, ನೋಡಿದರೆ ಹಾಗೇ ಅನ್ನಿಸುತ್ತದೆ, ಸುಳ್ಳು ಹೇಳಲಾರೆ. ಇದೇ ಊರಿನಲ್ಲೇ 1988ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಮಾತಾಡುವಾಗ ಉತ್ತರ ಐರ್ಲೆಂಡಿನ ಪ್ರಾಟೆಸ್ಟಂಟ್ ಪಾದ್ರಿ, ರಾಜಕಾರಣಿ ಇಯಾನ್ ಪೇಸ್ಲಿ ಎದ್ದು ನಿಂತು, ನೀನೇ ಕ್ರಿಸ್ತವಿರೋಧಿ ಅಂತ ಕೂಗಿದ್ದು.

ಅಲ್ಲಿಂದ ರಿಪಬ್ಲಿಕ್ ಚೌಕಕ್ಕೆ ಬಂದೆವು. ನಡುವೆ 1936ರ ಯುದ್ಧ ಸ್ಮಾರಕ. ಕಲ್ಲಿನ ತಾಯಿ, ಅವಳ ಆಸರೆಯಲ್ಲಿ ಸಾಯುತ್ತಿರುವ ಇಬ್ಬರು ಮಕ್ಕಳು. ಕೆಳಗೆ ಫ್ರೆಂಚಿನಲ್ಲಿ "ನಮ್ಮ ಸತ್ತವರಿಗೆ" ಅಂತ ಅಷ್ಟೇ. ಯಾವ ದೇಶಕ್ಕಾಗಿ ಸತ್ತರು ಅಂತ ಬರೆದಿಲ್ಲ. ಕಾಕಾಗೆ ವಿಡಿಯೋ ಕಾಲ್ ಮಾಡಿದೆ. ಈಗ ಅವರಿಗೆ ಎಂಬತ್ತು ದಾಟಿದೆ. ಪಾರ್ಲಿಮೆಂಟಿನ ಗೋಪುರ ಕೇಳಿಯಾರು ಅಂದುಕೊಂಡಿದ್ದೆ.

"ಆ ಹುಡುಗ್ರು ಯಾರು?"

"ಒಬ್ಬ ಜರ್ಮನಿ ಕಡೆ ಸತ್ತವ, ಒಬ್ಬ ಫ್ರಾನ್ಸ್ ಕಡೆ. ಇಬ್ಬರೂ ಆಕಿ ಮಕ್ಕಳೇ ಕಾಕಾ."

"ಯಾವಾವ ಯಾವ ಕಡಿಯವ?"

"ಗೊತ್ತಾಗಂಗಿಲ್ಲ. ಮೈಮ್ಯಾಗ ಬಟ್ಟಿ ಇಲ್ಲ."

ಕಾಕಾ ಸುಮಾರು ಹೊತ್ತು ಮಾತಾಡಲಿಲ್ಲ. ನೆಟ್‌ವರ್ಕ್ ಹೋಯಿತೇನೋ ಅಂದುಕೊಂಡೆ. ಆಮೇಲೆ, "ಫೋನ್ ಸ್ವಲ್ಪ ಹತ್ರ ಹಿಡಿ ತಂಗಿ, ತಾಯಿ ಮುಖ ಕಾಣವಲ್ತು" ಅಂದರು.