ಬೀವರ್ ಕೋಟೆಯಲ್ಲಿ ಅಮ್ಮ ಕೇಳಿದ್ದು

ಕೆನಡಾದ ಕ್ಯಾಲ್ಗರಿಯಿಂದ ಎರಡು-ಮೂರು ಗಂಟೆ ಕಾರಿನಲ್ಲಿ ಹೋದರೆ ರಾಕಿ ಮೌಂಟನ್ ಹೌಸ್ ಸಿಗುತ್ತದೆ. 1799ರಲ್ಲಿ ನಾರ್ತ್ ವೆಸ್ಟ್ ಕಂಪನಿ ಮತ್ತು ಹಡ್ಸನ್ಸ್ ಬೇ ಕಂಪನಿ ನಾರ್ತ್ ಸಸ್ಕ್ಯಾಚೆವನ್ ನದಿಯ ದಂಡೆಯಲ್ಲಿ ಹತ್ತಿರ ಹತ್ತಿರವೇ ಕೋಟೆ ಕಟ್ಟಿಕೊಂಡು, ಪ್ರಾಣಿಗಳ ತುಪ್ಪಳಕ್ಕಾಗಿ ಪೈಪೋಟಿಗೆ ಬಿದ್ದ ಜಾಗವಿದು. 1821ರಲ್ಲಿ ಎರಡೂ ಒಂದಾದವು, 1875ರಲ್ಲಿ ಅಂಗಡಿ ಮುಚ್ಚಿತು. ಈಗ ನೆಲದ ಮೇಲೆ ಉಳಿದಿರುವುದು ಕೊನೆಯ ಕೋಟೆಯ ಎರಡು ಕಲ್ಲಿನ ಚಿಮಣಿಗಳಷ್ಟೇ.

ಅಲ್ಲಿನ ಸಿಬ್ಬಂದಿಯೊಬ್ಬರು ಬೀವರ್ ಚರ್ಮವೊಂದನ್ನು ನಮ್ಮ ಕೈಗಿತ್ತರು. ಹಲ್ಲಿನಿಂದಲೇ ಮರ ಕಡಿದು ಹಳ್ಳಗಳಿಗೆ ಒಡ್ಡು ಕಟ್ಟುವ ಪ್ರಾಣಿ ಅದು. ಮೇಲ್ಗೂದಲು ಉದ್ದ, ಒರಟು. ಬಾಯಿಂದ ಊದಿದರೆ ಅದು ಇಬ್ಭಾಗವಾಗಿ ಕೆಳಗಿನ ಮೆತ್ತನೆಯ ತುಪ್ಪಳ ಕಾಣುತ್ತದೆ. ಎಷ್ಟು ಒತ್ತು ಎಂದರೆ ಚರ್ಮದ ಬುಡ ಕಾಣಲೇ ಇಲ್ಲ. ಯೂರೋಪಿನ ಟೋಪಿಗಳಿಗೆ ಬೇಕಿದ್ದದ್ದು ಈ ಒಳತುಪ್ಪಳ. ಎಳೆಗಳಲ್ಲಿರುವ ಸಣ್ಣ ಕೊಕ್ಕೆಗಳು ಒಂದಕ್ಕೊಂದು ಸಿಕ್ಕಿಕೊಂಡು ಫೆಲ್ಟ್ ಎಂಬ ಗಟ್ಟಿ ಬಟ್ಟೆಯಾಗುತ್ತದೆ. ಕಂಬಳಿ, ಹಂಡೆ, ಬಂದೂಕು ಯಾವುದಕ್ಕೇ ಆಗಲಿ, ಬೆಲೆ ಕಟ್ಟುತ್ತಿದ್ದದ್ದು ಇಷ್ಟು ಬೀವರ್ ಚರ್ಮ ಎಂದೇ.

ಊರಿನಿಂದ ಬಂದಿದ್ದ ಅಮ್ಮ ಚರ್ಮವನ್ನು ತಿರುವಿ ಹಾಕಿ, ನುಣುಪಾದ ಒಳಮೈ ಸವರಿ ಕೇಳಿದರು: "ಇದನ್ನು ಇಷ್ಟು ಚೆನ್ನಾಗಿ ಕೆರೆದು ಹದ ಮಾಡಿದವರು ಯಾರು?"

ಬಹುಪಾಲು ಹೆಂಗಸರೇ. ಮೂಲನಿವಾಸಿ ಹೆಂಗಸರು ಮತ್ತು ಮೂಲನಿವಾಸಿ-ಯೂರೋಪಿಯನ್ ಬೆರಕೆ ಮೂಲದ ಮೇಟಿ ಹೆಂಗಸರು ಚರ್ಮ ಹದ ಮಾಡಿದರು, ಪಾದರಕ್ಷೆ ಹೊಲಿದರು, ಒಣಗಿಸಿದ ಕಾಡೆಮ್ಮೆಯ ಮಾಂಸವನ್ನು ಕುಟ್ಟಿ ಕೊಬ್ಬು ಬೆರೆಸಿ ದೂರದ ಪಯಣಕ್ಕೆ ಪೆಮಿಕನ್ ಬುತ್ತಿ ಕಟ್ಟಿದರು. ಈ ಬುತ್ತಿ ಇಲ್ಲದೆ ದೋಣಿಗಳು ಹೊರಡುವಂತೆಯೇ ಇರಲಿಲ್ಲ.

ಅಂದು ರಾತ್ರಿ ಬಾಡಿಗೆಯ ಕ್ಯಾನ್ವಾಸ್ ಡೇರೆಯ ಮುಂದೆ ಬೆಂಕಿ ಹಾಕಿ ಬ್ಯಾನಕ್ ರೊಟ್ಟಿ ಸುಡುತ್ತಾ ಅಮ್ಮನಿಗೆ ಚಾರ್ಲಟ್ ಸ್ಮಾಲ್ ಕಥೆ ಹೇಳಿದೆ. ಕ್ರೀ ಎಂಬ ಮೂಲನಿವಾಸಿ ಸಮುದಾಯದ ತಾಯಿಯ ಮಗಳಾದ ಅವಳು ಹದಿಮೂರನೇ ವಯಸ್ಸಿನಲ್ಲಿ ಭೂಮಾಪಕ ಡೇವಿಡ್ ಥಾಂಪ್ಸನ್‌ನನ್ನು ಮದುವೆಯಾದಳು. 1801ರಲ್ಲಿ ಮೊದಲ ಮಗಳನ್ನು ಹೆತ್ತದ್ದು ಇದೇ ಕೋಟೆಯಲ್ಲಿ. 1807ರಲ್ಲಿ ಮೂರು ಪುಟ್ಟ ಮಕ್ಕಳೊಂದಿಗೆ, ಗಂಡನ ಜೊತೆ ಹೌಸ್ ಪಾಸ್ ಎಂಬ ಕಣಿವೆದಾರಿಯ ಮೂಲಕ ರಾಕಿ ಪರ್ವತಗಳನ್ನೇ ದಾಟಿದಳು.

"ಬಾಣಂತನ ಯಾರು ಮಾಡಿದರಂತೆ?" ಎಂದರು ಅಮ್ಮ.

ಬೆಳಿಗ್ಗೆ ನದಿಯಂಚಿನ ಕಾಲುದಾರಿಯಲ್ಲಿ ಚಿಮಣಿಗಳವರೆಗೆ ನಡೆದೆವು. ಅಲ್ಲಿಂದ ಪರ್ವತದ ಕಡೆಗೆ ಸಾಗುವ ಹೆದ್ದಾರಿಗೆ ಡೇವಿಡ್ ಥಾಂಪ್ಸನ್ ಹೆಸರಿಟ್ಟಿದ್ದಾರೆ. ಫಲಕದಲ್ಲಿ ಚಾರ್ಲಟ್ ಹೆಸರೂ ಇರಬೇಕಿತ್ತು ಎಂದು ಅಮ್ಮ ದಾರಿಯುದ್ದಕ್ಕೂ ಹೇಳುತ್ತಲೇ ಇದ್ದರು. ನನ್ನದೂ ಅದೇ ಅಭಿಪ್ರಾಯ.